ಓದುಗರನ್ನು ಕಳೆದುಕೊಂಡ ಸಾಹಿತ್ಯ

ಸಾಹಿತ್ಯದ ವ್ಯಾಸಂಗವು ವಿದ್ಯಾರ್ಥಿದೆಸೆಯೊಡನೆಯೇ ಮುಗಿಯತಕ್ಕದ್ದೆಂಬ ಭಾವನೆ ಬಹುಮಟ್ಟಿಗೆ ಎಲ್ಲ ದೇಶಗಳಲ್ಲಿಯೂ ಬೇರೂರಿದೆ. ಆಧುನಿಕ ಯೆಹೂದ್ಯ ಸಾಹಿತ್ಯವನ್ನು ಕುರಿತು ಅಮೆರಿಕದಲ್ಲಿ ವಯಸ್ಕರಿಗಾಗಿ ನಡೆಯುವ ಒಂದು ವಾರದ ಅಧ್ಯಯನ ವರ್ಗದಂಥ ಪ್ರಯತ್ನಗಳು ಈ ಭಾವನೆಗೆ ತಕ್ಕ ಉತ್ತರವಾಗಿವೆ. ಅಲ್ಲಿ ಬರುವವರಿಗೆ ಪರೀಕ್ಷೆಯ ಭಯವೂ ಇಲ್ಲ, ಪದವಿಯ ಆಸೆಯೂ ಇಲ್ಲ. ಒಂದು ವಾರದಲ್ಲಿ ಕಲಿಯುವುದಾದರೂ ಏನು ಎಂದು ಕೆಲವರು ಕೇಳಬಹುದು. ಆ ಸಾಹಿತ್ಯದ ಚರಿತ್ರೆಯನ್ನು ಬಲ್ಲವರು ಕೇಳುವ ಪ್ರಶ್ನೆಯೇ ಬೇರೆ: ಅದನ್ನು ಇನ್ನು ಓದುವವರು ಯಾರು?

ಈ ಪ್ರಶ್ನೆ ವೃಥಾ ಹುಟ್ಟಿದುದಲ್ಲ. ಎರಡನೆಯ ಮಹಾಯುದ್ಧಕ್ಕೆ ಮೊದಲು ಯಿಡ್ಡಿಷ್ ಭಾಷೆಯನ್ನಾಡುವವರು ಒಂದು ಕೋಟಿಗೂ ಮಿಕ್ಕಿದ್ದರು. ನಾಜಿಗಳು ಕೊಂದ ಸುಮಾರು 60 ಲಕ್ಷ ಯೆಹೂದ್ಯರಲ್ಲಿ ಹೆಚ್ಚಿನವರ ಮನೆಮಾತು ಅದೇ. ಸೋವಿಯತ್ ದೇಶದಲ್ಲಿ 1952ರ ಆಗಸ್ಟ್ 12ರಂದು ಬೆರ್ಗೆಲ್ಸನ್, ಮಾರ್ಕಿಷ್ ಮೊದಲಾದ ಯಿಡ್ಡಿಷ್ ಲೇಖಕರನ್ನು ಗುಂಡಿಕ್ಕಿ ಕೊಂದರು. ಅಮೆರಿಕಕ್ಕೆ ವಲಸೆ ಹೋದವರ ಮಕ್ಕಳು ಇಂಗ್ಲಿಷನ್ನು ಅಪ್ಪಿಕೊಂಡರು. ಇಸ್ರೇಲಿನಲ್ಲಿ ಹೀಬ್ರೂ ಮೇಲುಗೈ ಪಡೆಯಿತು. ಸಂಪ್ರದಾಯನಿಷ್ಠ ಹಸಿದಿ ಪಂಥದವರ ಮನೆಗಳಲ್ಲಿ ಯಿಡ್ಡಿಷ್ ಇಂದಿಗೂ ಜೀವಂತವಾಗಿದೆ. ಆದರೆ ಈ ಲೌಕಿಕ ಸಾಹಿತ್ಯಕ್ಕೆ ಅಲ್ಲಿ ಮನ್ನಣೆ ಕಡಿಮೆ. ಹೀಗೆ ಗ್ರಂಥಗಳು ಉಳಿದು ಓದುಗರು ಅಳಿದ ವಿಚಿತ್ರ ಸ್ಥಿತಿ ಒದಗಿತು.

ಗ್ರಂಥಗಳೂ ತಾವಾಗಿಯೇ ಉಳಿಯಲಿಲ್ಲ. ಸುಮಾರು 70 ಸಾವಿರ ಯಿಡ್ಡಿಷ್ ಪುಸ್ತಕಗಳು ಮಾತ್ರ ದೊರೆತಾವೆಂದು ವಿದ್ವಾಂಸರು ಊಹಿಸಿದ್ದ ಕಾಲದಲ್ಲಿ, 1980ರಲ್ಲಿ, ಏರನ್ ಲ್ಯಾನ್‌ಸ್ಕಿ ಎಂಬ ತರುಣ ವಿದ್ಯಾರ್ಥಿ ಅವುಗಳ ಸಂಗ್ರಹಕ್ಕೆ ಹೊರಟರು. ಮುದುಕರು ತಮ್ಮ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ, ಅದರ ಕಥೆಯನ್ನು ಹೇಳಿ, ಅವರ ಕೈಗಿತ್ತರು. ಮ್ಯಾಸಚೂಸೆಟ್ಸ್ ಪ್ರಾಂತದ ಆಮ್ಹರ್ಸ್ಟ್‌ನಲ್ಲಿ ಅವರು ಸ್ಥಾಪಿಸಿದ ಯಿಡ್ಡಿಷ್ ಗ್ರಂಥಕೇಂದ್ರವು ಸಂಗ್ರಹಿಸಿದ ಪುಸ್ತಕಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತು. ಆದರೆ ಹತ್ತು ಲಕ್ಷ ಪುಸ್ತಕಗಳಿದ್ದರೂ ಬಿಚ್ಚಿ ಓದುವವರಿಲ್ಲದಿದ್ದರೆ ಅದು ಉಗ್ರಾಣವಷ್ಟೆ. ಆದುದರಿಂದಲೇ ಆ ಕೇಂದ್ರವು ತರುಣರಿಗೂ ವಯಸ್ಕರಿಗೂ ಅಧ್ಯಯನ ವರ್ಗಗಳನ್ನು ಏರ್ಪಡಿಸುತ್ತ ಬಂದಿದೆ.

ವಯಸ್ಕರ ಇಂಥ ವ್ಯಾಸಂಗಕ್ಕೆ ಗೌರವದ ಪೂರ್ವಪರಂಪರೆಯೊಂದಿದೆ. ತತ್ತ್ವಜ್ಞಾನಿ ಫ್ರಾಂಟ್ಸ್ ರೋಸೆನ್‌ಟ್ಸ್‌ವೈಗ್ ವಿಶ್ವವಿದ್ಯಾನಿಲಯದ ಹುದ್ದೆಯನ್ನು ಬೇಡವೆಂದು, 1920ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಸ್ವತಂತ್ರ ಯೆಹೂದ್ಯ ವಿದ್ಯಾಗೃಹವನ್ನು ಮುನ್ನಡೆಸಿದರು. ತಮ್ಮ ಪರಂಪರೆಯಿಂದ ದೂರ ಸರಿದಿದ್ದ ವಕೀಲರು, ವರ್ತಕರು, ಗೃಹಿಣಿಯರು ಅಲ್ಲಿಗೆ ಬಂದರು. ಪಾಠ ಹೇಳಿದವರಲ್ಲಿ ರಸಾಯನಶಾಸ್ತ್ರಜ್ಞರೂ ವೈದ್ಯರೂ ಇದ್ದರು. ಕಲಿಸುವವನೂ ಕಲಿಯುವವನೇ ಎಂಬುದು ಅಲ್ಲಿಯ ನಿಯಮ. ಹಿಟ್ಲರನ ಆಡಳಿತ ಬಂದ 1933ರಲ್ಲಿ ಮಾರ್ಟಿನ್ ಬೂಬರ್ ಅದನ್ನು ಮತ್ತೆ ತೆರೆದರು. 1938ರಲ್ಲಿ ಅದು ಮುಚ್ಚಿಹೋಯಿತು. ನಾಲ್ಕೂ ಕಡೆಯಿಂದ ಬಾಗಿಲುಗಳು ಮುಚ್ಚುತ್ತಿದ್ದ ಆ ದಿನಗಳಲ್ಲಿ ಬೆಳೆದ ಜನರು ಪುಸ್ತಕದ ಮುಂದೆ ಒಟ್ಟಿಗೆ ಕುಳಿತರೆಂಬುದು ಸಣ್ಣ ಸಂಗತಿಯಲ್ಲ.

ಹಾಗಾದರೆ ಆ ಒಂದು ವಾರವನ್ನು ಹೇಗೆ ಕಳೆಯಬೇಕು? ಮೂಲಕೃತಿಯನ್ನೇ ಹಿಡಿದು ಕೂರುವುದು ಮೊದಲನೆಯ ಕೆಲಸ. ಶೋಲೆಮ್ ಅಲೈಖೆಮರ ಹಾಲಿನ ವ್ಯಾಪಾರಿ ಟೆವ್ಯೆಯನ್ನು ಅನೇಕರು 1964ರ ‘ಫಿಡ್ಲರ್ ಆನ್ ದಿ ರೂಫ್’ ಎಂಬ ಸಂಗೀತ ನಾಟಕದಿಂದ ಬಲ್ಲರು. ಆದರೆ ನೀರಿಗೆ ಬಿದ್ದು ಪ್ರಾಣ ಕಳೆದುಕೊಳ್ಳುವ ಮಗಳು ಶ್ಪ್ರಿಂಟ್ಸೆಯ ಕಥೆ ಆ ನಾಟಕದಲ್ಲಿಲ್ಲ. ಮೂಲದಲ್ಲಿ ಟೆವ್ಯೆಯ ಹೆಂಡತಿ ಗೋಲ್ಡೆ ಕಡೆಯ ವೇಳೆಗೆ ತೀರಿಕೊಂಡಿರುತ್ತಾಳೆ. ನಾಟಕದಲ್ಲಿ ಅವಳು ಗಂಡನ ಜೊತೆಯಲ್ಲಿಯೇ ಊರು ಬಿಡುತ್ತಾಳೆ. ಟೆವ್ಯೆಯ ವಿನೋದ ಎಂಥ ದುಃಖದ ನಡುವೆ ಹುಟ್ಟಿತೆಂಬುದು ಕಥೆಗಳನ್ನು ಓದಿದವರಿಗೆ ಮಾತ್ರ ತಿಳಿಯುತ್ತದೆ.

ಎರಡನೆಯದಾಗಿ, ಇದು ಒಂದೇ ನುಡಿಯ ಸಾಹಿತ್ಯವಲ್ಲ. ಕಾಫ್ಕಾ ಜರ್ಮನ್ ಭಾಷೆಯಲ್ಲಿ, ಬಾಬೆಲ್ ರಷ್ಯನ್ನಿನಲ್ಲಿ, ಬ್ರೂನೋ ಶುಲ್ಟ್ಸ್ ಪೋಲಿಷ್‌ನಲ್ಲಿ ಬರೆದರು. 1966ರ ನೊಬೆಲ್ ಪಾರಿತೋಷಕವನ್ನು ಹೀಬ್ರೂವಿನ ಅಗ್ನೋನ್ ಜರ್ಮನ್ ಕವಯಿತ್ರಿ ನೆಲ್ಲಿ ಸಾಕ್ಸ್ ಅವರೊಡನೆ ಹಂಚಿಕೊಂಡರು; 1978ರಲ್ಲಿ ಅದು ಯಿಡ್ಡಿಷ್‌ನ ಐಸಾಕ್ ಬಾಷೆವಿಸ್ ಸಿಂಗರರಿಗೆ ಸಂದಿತು. ಇವರನ್ನೆಲ್ಲ ಒಂದೇ ಮಾತಿನಲ್ಲಿ ಬಣ್ಣಿಸಹೊರಟರೆ ಯಾರಿಗೂ ನ್ಯಾಯ ದೊರೆಯದು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಈ ಸಾಹಿತ್ಯದ ಪ್ರತಿ ಪುಟದಲ್ಲಿಯೂ ಮುಂಬಂದ ಹತ್ಯಾಕಾಂಡದ ನೆರಳನ್ನೇ ಕಾಣುವ ಪ್ರವೃತ್ತಿ ನಮ್ಮಲ್ಲಿದೆ. ಶೋಲೆಮ್ ಅಲೈಖೆಮ್ 1916ರಲ್ಲಿ, ಕಾಫ್ಕಾ 1924ರಲ್ಲಿ ತೀರಿಕೊಂಡರು. ಕಾಫ್ಕಾನ ಮೂವರು ಸೋದರಿಯರು ನಾಜಿಗಳಿಗೆ ಬಲಿಯಾದರೆಂಬುದು ಸತ್ಯ. ಆದರೆ ಆತ ಬರೆಯುವಾಗ ಅದನ್ನು ಅರಿತವನಲ್ಲ. ಆ ಲೇಖಕರು ತಮ್ಮ ಕಾಲದ ಜಗಳ, ಮದುವೆ, ಬಡತನ, ದೇವರು, ಹಾಸ್ಯ ಇವುಗಳನ್ನು ಕುರಿತು ಬದುಕಿದ್ದ ಓದುಗರಿಗಾಗಿ ಬರೆದರು. ಅವರ ಕೃತಿಗಳನ್ನು ಕೇವಲ ಶೋಕಲೇಖನಗಳೆಂದು ಓದಿದರೆ, ಕೊಂದವರು ಕೊಟ್ಟ ಅರ್ಥವನ್ನೇ ಒಪ್ಪಿಕೊಂಡಂತಾಗುತ್ತದೆ.

ಸಾವು, ಮಕ್ಕಳ ಅಗಲಿಕೆ, ನಂಬಿಕೆಯ ಕುಸಿತ ಇವುಗಳನ್ನು ಸ್ವತಃ ಕಂಡ ಪ್ರೌಢ ಓದುಗನಿಗೆ ಟೆವ್ಯೆಯ ಮಾತು ವಿದ್ಯಾರ್ಥಿಗೆ ಕೇಳಿಸಿದುದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ. ಒಂದು ವಾರದಲ್ಲಿ ಯಾರೂ ವಿದ್ವಾಂಸರಾಗುವುದಿಲ್ಲ. ಆದರೆ ಆ ವಾರ ಮುಗಿದ ಮೇಲೆ ಮನೆಗೆ ಹೋಗಿ, ಯಾರ ಒತ್ತಾಯವೂ ಇಲ್ಲದೆ, ಎರಡನೆಯ ಪುಸ್ತಕವನ್ನು ತೆರೆಯುವವರು ಇಪ್ಪತ್ತು ಜನರಿದ್ದರೂ ಆ ಸಾಹಿತ್ಯಕ್ಕೆ ಇಪ್ಪತ್ತು ಓದುಗರು ದೊರೆತಂತೆ. ಅದಕ್ಕೆ ಇಂದು ಬೇಕಾಗಿರುವುದು ಅದೇ.