ಸಭೆ ಸೇರಿದರೆ ನಮಗೇನು?

ನಮ್ಮ ಸಂಘದ ಬಾಂಧವರ ಮನೆಗಳಲ್ಲಿ ಮಾತು ಊರಿನ ಕಡೆಗೆ ಹೊರಳಿತೆಂದರೆ ಅದಕ್ಕೆ ಕೊನೆಯಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಮಹಾಪೌರರು ಯಾರಾದರು, ವಿಜಯಪುರದಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಉಡುಪಿಯ ರಸ್ತೆಯ ಕೆಲಸ ಎಲ್ಲಿಯವರೆಗೆ ಬಂತು ಎಂಬುದೆಲ್ಲ ನಮಗೆ ಬಾಯಿಪಾಠ. ಆದರೆ ಇಪ್ಪತ್ತು ವರ್ಷಗಳಿಂದ ಅನ್ನ ನೀರು ಕೊಟ್ಟ ಈ ಪುಣೆಯಲ್ಲಿ, ತಮ್ಮ ಪ್ರಭಾಗದ ನಗರಸೇವಕರು ಯಾರೆಂದು ಕೇಳಿದರೆ ಯಜಮಾನರು ಹೆಂಡತಿಯ ಮುಖ ನೋಡುತ್ತಾರೆ. ಆಕೆ ಮಗನ ಮುಖ ನೋಡುತ್ತಾಳೆ. ಕೊನೆಗೆ ಬರುವ ಉತ್ತರ ಒಂದೇ: “ಪರಸ್ಥಳದವರು ನಾವು, ನಮಗೇಕೆ ಆ ಉಸಾಬರಿ?”

ಈ ಉಸಾಬರಿ ನಮ್ಮದೇ ಎಂದು ಹೇಳುವುದಕ್ಕಾಗಿಯೇ ಈ ಸಲದ ಬರಹ.

೨೦೨೬ರ ಜನವರಿ ೧೫ರಂದು ಪುಣೆ ಮಹಾನಗರಪಾಲಿಕೆಗೆ ಮತದಾನ ನಡೆಯಿತು. ೨೦೧೭ರ ಫೆಬ್ರುವರಿಯಲ್ಲಿ ಆರಿಸಿಬಂದ ಹಿಂದಿನ ಸಭೆಯ ಅವಧಿ ೨೦೨೨ರ ಮಾರ್ಚಿಯಲ್ಲಿ ತೀರಿತ್ತು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕೆಂದು ನಮ್ಮ ಸಂವಿಧಾನದಲ್ಲಿ, ೭೪ನೆಯ ತಿದ್ದುಪಡಿಯ ಮೂಲಕ, ಸ್ಪಷ್ಟವಾಗಿ ಬರೆದಿದೆ. ಆದರೂ ಮೀಸಲಾತಿಯ ವ್ಯಾಜ್ಯ, ಪ್ರಭಾಗಗಳ ಗಡಿಯ ವ್ಯಾಜ್ಯ ಎಂದು ದಿನಗಳು ಉರುಳಿದವು. ೨೦೨೫ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಚುನಾವಣೆ ನಡೆಸಿರೆಂದು ಆಜ್ಞೆ ಮಾಡಿದ ಮೇಲೆ ಗಾಲಿ ಉರುಳಿತು. ಹೀಗೆ ನಾಲ್ಕು ವರ್ಷಕ್ಕೆ ಎರಡೇ ತಿಂಗಳು ಕಡಿಮೆ ಈ ದೊಡ್ಡ ಊರು ತನ್ನ ಸಭೆಯಿಲ್ಲದೆ ಇದ್ದಿತು. ನಮ್ಮ ಬೆಂಗಳೂರಿನವರು ಇದನ್ನು ನೋಡಿ ನಗುವ ಹಾಗಿಲ್ಲ. ಅಲ್ಲಿಯ ಪಾಲಿಕೆಯ ಅವಧಿ ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಅಲ್ಲಿಯೂ ಚುನಾಯಿತ ಸದಸ್ಯರಿರಲಿಲ್ಲ.

ಈ ಸಭೆಯೆಂದರೆ ಏನು? ಪುಣೆಯ ನಗರಸಭೆಗೂ ನಮ್ಮ ಹುಬ್ಬಳ್ಳಿ, ಧಾರವಾಡಗಳ ನಗರಸಭೆಗಳಿಗೂ ತಾಯಿ ಒಬ್ಬಳೇ. ಅದು ೧೮೫೦ರ ಕಾಯಿದೆ. ಮುಂಬಯಿ ಇಲಾಖೆಯಲ್ಲಿ ಅದೇ ಕಾಯಿದೆಯಡಿ ೧೮೫೦ರ ದಶಕದಲ್ಲಿ ಇವೆಲ್ಲ ಹುಟ್ಟಿದವು. ಪುಣೆಗೆ ಮಹಾನಗರಪಾಲಿಕೆಯ ಪದವಿ ಬಂದುದು ೧೯೫೦ರ ಫೆಬ್ರುವರಿ ೧೫ರಂದು. ಈಗ ೪೧ ಪ್ರಭಾಗಗಳು, ೧೬೫ ಸ್ಥಾನಗಳು. ಅವುಗಳಲ್ಲಿ ಅರ್ಧದಷ್ಟು ಸ್ಥಾನಗಳು ಹೆಣ್ಣುಮಕ್ಕಳಿಗೆ. ಎಲ್ಲ ಸದಸ್ಯರೂ ಸೇರುವುದನ್ನು ಇಲ್ಲಿ ‘ಮುಖ್ಯಸಭೆ’ ಎನ್ನುತ್ತಾರೆ. ಹದಿನಾರು ಮಂದಿಯ ‘ಸ್ಥಾಯೀ ಸಮಿತಿ’ಯ ಕೈಯಲ್ಲಿ ಹಣದ ಮಂಜೂರಾತಿ. ಕಾರ್ಯ ನಡೆಸುವವರು ಸರಕಾರ ಕಳಿಸಿದ ಆಯುಕ್ತರು. ಆಯುಕ್ತರು ಕೇಳಬೇಕು, ಸಮಿತಿ ನೋಡಬೇಕು, ಸಭೆ ಒಪ್ಪಬೇಕು, ಏರ್ಪಾಡು ಇಷ್ಟೇ.

ಒಂದು ಸಭೆ ಹೇಗೆ ನಡೆಯುತ್ತದೆಂಬುದನ್ನು ಕಾಣದವರಿಗಾಗಿ ನಾಲ್ಕು ಮಾತು. ತಿಂಗಳಿಗೆ ಒಂದಾದರೂ ಸಾಮಾನ್ಯ ಸಭೆ ಸೇರತಕ್ಕದ್ದು. ನಗರಸಚಿವರ ಕಚೇರಿಯಿಂದ ‘ಕಾರ್ಯಪತ್ರಿಕೆ’ ಮುಂಚಿತವಾಗಿ ಸದಸ್ಯರಿಗೆ ಹೋಗುತ್ತದೆ. ಮಹಾಪೌರರು ಪೀಠಕ್ಕೆ ಬಂದು ಕೂಡುತ್ತಾರೆ. ಗತಿಸಿದ ಗಣ್ಯರಿಗೆ ಶ್ರದ್ಧಾಂಜಲಿ ಮೊದಲು. ಅದಾದೊಡನೆ ಸಭೆಯನ್ನು ‘ತಹಕೂಬ’ ಮಾಡುವುದು, ಎಂದರೆ ಇನ್ನೊಂದು ದಿನಕ್ಕೆ ಮುಂದೂಡುವುದು, ಇಲ್ಲಿಯ ಒಂದು ಹಳೆಯ ಪರಿಪಾಠ. ಮುಂದೂಡದೆ ಉಳಿದ ದಿನ ಪ್ರಶ್ನೋತ್ತರಗಳು. ಆಮೇಲೆ ವಿಷಯಗಳು ಒಂದರ ಹಿಂದೊಂದು. ಒಂದು ಚೌಕಕ್ಕೆ ಹೆಸರಿಡುವುದು, ಒಂದು ರಸ್ತೆಯನ್ನು ಅಗಲ ಮಾಡುವುದು, ಒಂದು ಆಸ್ಪತ್ರೆಗೆ ಯಂತ್ರ ಕೊಳ್ಳುವುದು, ಒಂದು ಬಯಲು ತೋಟವಾಗಬೇಕೋ ವಾಹನ ನಿಲ್ಲಿಸುವ ಜಾಗವಾಗಬೇಕೋ ಎಂಬುದು. ಒಬ್ಬರು ಸೂಚನೆ ಮಂಡಿಸುತ್ತಾರೆ, ಮತ್ತೊಬ್ಬರು ಅನುಮೋದಿಸುತ್ತಾರೆ, ಮೂರನೆಯವರು ‘ಉಪಸೂಚನೆ’ ತರುತ್ತಾರೆ. ಅಷ್ಟರಲ್ಲಿ ಯಾರೋ ತಮ್ಮ ಪೇಟೆಯಲ್ಲಿ ಮೂರು ದಿನದಿಂದ ನೀರಿಲ್ಲವೆಂದು ಖಾಲಿ ಕೊಡ ಹಿಡಿದು ಪೀಠದ ಮುಂದೆ ನಿಲ್ಲುತ್ತಾರೆ. ಗದ್ದಲ, ಘೋಷಣೆ. ಮಹಾಪೌರರ ಗಂಟೆ ಬಾರಿಸುತ್ತದೆ. ಕೊನೆಗೆ ಠರಾವು ಆಗುತ್ತದೆ, ಸಂಖ್ಯೆ ಬೀಳುತ್ತದೆ, ಕಡತಕ್ಕೆ ಸೇರುತ್ತದೆ.

ಹೊಸ ಸಭಾಗೃಹದ ಮೇಲೂ ಒಂದು ಕಥೆಯುಂಟು. ೨೦೧೮ರ ಜೂನ್ ೨೧ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರ ಹಸ್ತದಿಂದ ಆ ಕಟ್ಟಡದ ಉದ್ಘಾಟನೆ ಆಯಿತು. ಅದೇ ದಿನ ಮಳೆ ಬಂದು ಸಭಾಗೃಹದ ಮಾಡು ಸೋರಿತು. ಊರಿನ ಸೋರುವ ಮನೆಗಳ ಸುಖದುಃಖ ಸದಸ್ಯರಿಗೆ ಮೊದಲ ದಿನವೇ ತಿಳಿಯಲೆಂದು ವರುಣದೇವನು ಬಗೆದಿರಬೇಕು.

“ಇಂಥ ಗದ್ದಲದಿಂದ ನಮಗೇನು ಬಂತು?” ಎಂದು ವಾಚಕರು ಕೇಳಬಹುದು. ಒಂದು ಲೆಕ್ಕ ತೋರಿಸುತ್ತೇನೆ. ಸ್ವಂತ ಮನೆಯಲ್ಲಿ ತಾವೇ ವಾಸಿಸುವವರಿಗೆ ಮನೆಯ ತೆರಿಗೆಯಲ್ಲಿ ಶೇಕಡಾ ೪೦ರ ರಿಯಾಯಿತಿ ಪುಣೆಯಲ್ಲಿ ಉಂಟು. ಇದು ೧೯೭೦ರಲ್ಲಿ ಇದೇ ಮುಖ್ಯಸಭೆ ಮಾಡಿದ ಠರಾವಿನ ಫಲ. ಯಾವಾಗಲೋ ಒಂದು ಮಧ್ಯಾಹ್ನ ಕೈ ಎತ್ತಿದ ಆ ಸದಸ್ಯರ ಹೆಸರುಗಳು ಇಂದು ಯಾರ ನೆನಪಿನಲ್ಲಿಯೂ ಇರಲಾರವು. ಆದರೆ ಕೊತ್ರೂಡದಲ್ಲಿಯೋ ಬಿಬವೇವಾಡಿಯಲ್ಲಿಯೋ ಎರಡು ಕೋಣೆಯ ಮನೆ ಮಾಡಿಕೊಂಡ ನಮ್ಮ ಅದೆಷ್ಟೋ ಸಂಸಾರಗಳು ಅರ್ಧ ಶತಮಾನ ಅದರ ನೆರಳಿನಲ್ಲಿ ಉಂಡವು. ಮುಂದೆ ಲೆಕ್ಕಪರಿಶೋಧಕರ ಆಕ್ಷೇಪ ಬಂದು ರಾಜ್ಯ ಸರಕಾರ ಅದನ್ನು ನಿಲ್ಲಿಸಿತು. ೨೦೧೯ರಿಂದ ಈಚೆಗೆ ಲೆಕ್ಕಕ್ಕೆ ಬಂದ ಹೊಸ ಮನೆಗಳವರು ಪೂರ್ಣ ತೆರಿಗೆಯ ಕಾಗದ ನೋಡಿ ಬೆಚ್ಚಿದರು. ಊರೆಲ್ಲ ಕೂಗಿದ ಮೇಲೆ ೨೦೨೩ರಲ್ಲಿ ರಿಯಾಯಿತಿ ಮರಳಿತು. ಆದರೆ ಅದು ತಾನಾಗಿ ಮನೆಗೆ ಬರಲಿಲ್ಲ, ‘ಪಿ.ಟಿ. ಮೂರು’ ಎಂಬ ಅರ್ಜಿಯನ್ನು ತುಂಬಿ, ಅಲ್ಲಿ ತಾವೇ ವಾಸಿಸುತ್ತಿರುವುದರ ಪುರಾವೆ ಜೋಡಿಸಿ ಕೊಡಬೇಕಾಗಿತ್ತು. ಸುದ್ದಿ ತಿಳಿದವರು ಕೊಟ್ಟರು. “ನಮಗೇಕೆ ಉಸಾಬರಿ” ಎಂದವರು ಪೂರ್ತಿ ಹಣ ತೆತ್ತರು. ಕಡತಗಳ ನಡುವೆಯೇ ಹಗಲು ಕಳೆಯುವ ನನ್ನಂಥವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕೇಳದವನ ಅರ್ಜಿಯನ್ನು ಯಾವ ಕಚೇರಿಯೂ ಬರೆದುಕೊಡುವುದಿಲ್ಲ.

ಇನ್ನು ಸಭೆಯಿಲ್ಲದ ವರ್ಷಗಳ ಕಥೆ. ಆಗ ಆಯುಕ್ತರೇ ಆಡಳಿತಾಧಿಕಾರಿಗಳಾಗಿದ್ದರು. ಮುಖ್ಯಸಭೆಯ ಅಧಿಕಾರವೂ ಅವರದು, ಸ್ಥಾಯೀ ಸಮಿತಿಯ ಅಧಿಕಾರವೂ ಅವರದು. ಟಿಪ್ಪಣಿ ಬರೆಯುವ ಕೈ, ಮಂಜೂರು ಎಂದು ಸಹಿ ಮಾಡುವ ಕೈ, ಎರಡೂ ಒಂದೇ ಕಚೇರಿಯವು. ಸಭೆ ಆಗುತ್ತಿದ್ದಿಲ್ಲವೆಂದಲ್ಲ, ಕಾಗದದ ಮೇಲೆ ಮುಖ್ಯಸಭೆಯೂ ಆಗುತ್ತಿತ್ತು, ಠರಾವೂ ಆಗುತ್ತಿತ್ತು. ಖಾಲಿ ಕೊಡ ಹಿಡಿದು ನಿಲ್ಲುವವರು ಮಾತ್ರ ಇರಲಿಲ್ಲ. ಗದ್ದಲವಿಲ್ಲದೆ ಕೆಲಸ ಬೇಗ ಸಾಗುತ್ತದೆಂದು ಸಂತೋಷಪಟ್ಟವರೂ ನಮ್ಮಲ್ಲಿ ಇದ್ದರು. ಅಧಿಕಾರಿಗಳು ದುಡಿಯಲಿಲ್ಲವೆಂದು ನಾನು ಹೇಳಲಾರೆ. ಆದರೆ ದುಡಿಯುವುದು ಬೇರೆ, ಉತ್ತರ ಕೊಡುವುದು ಬೇರೆ.

ಈ ಭೇದ ಎಲ್ಲರಿಗಿಂತ ಹೆಚ್ಚಾಗಿ ತಿಳಿದುದು ಊರ ಅಂಚಿನ ಹಳ್ಳಿಗಳವರಿಗೆ. ೨೦೨೧ರ ಜೂನ್ ೩೦ರಂದು ಸರಕಾರವು ೨೩ ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿತು: ವಾಘೋಲಿ, ಸೂಸ, ಮ್ಹಾಳುಂಗೆ, ನರ್ಹೆ, ನಾಂದೇಡ, ಕಿರಕಟವಾಡಿ, ಖಡಕವಾಸಲಾ ಮೊದಲಾದವು. ಪೇಟೆಯೊಳಗೆ ಮನೆಯ ಬೆಲೆ ಮುಟ್ಟಲಾರದೆ ನಮ್ಮ ತರುಣ ಸಂಸಾರಗಳು ಹೋಗಿ ನೆಲೆಸಿದುದು ಈ ಕಡೆಗಳಲ್ಲಿಯೇ. ಸೇರ್ಪಡೆಯಾದೊಡನೆ ಅಲ್ಲಿಯ ಗ್ರಾಮಪಂಚಾಯತಿಗಳು ಹೋದವು. ಪಾಲಿಕೆಗೆ ಸದಸ್ಯರನ್ನು ಆರಿಸೋಣವೆಂದರೆ ಚುನಾವಣೆಯೇ ಇಲ್ಲ. ಹಳೆಯ ಸರಪಂಚರೂ ಇಲ್ಲ, ಹೊಸ ನಗರಸೇವಕರೂ ಇಲ್ಲ. ನಾಲ್ಕೂವರೆ ವರ್ಷ ಹೀಗೆ. ತೆರಿಗೆಯ ಕಾಗದ ಪಾಲಿಕೆಯಿಂದ, ನೀರು ಟ್ಯಾಂಕರಿನಿಂದ.

೨೦೨೫ರ ಜನವರಿಯಲ್ಲಿ ಈ ಭಾಗದಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿತು. ಮೊದಲು ವಾಂತಿಭೇದಿ, ಅನಂತರ ಕಾಲಿನ ಬಲ ಕುಗ್ಗುವುದು, ಕೈ ಏಳದಿರುವುದು, ಕೆಲವರಿಗೆ ಉಸಿರಾಟಕ್ಕೂ ಯಂತ್ರ ಬೇಕಾಯಿತು. ವೈದ್ಯರು ಇದನ್ನು ‘ಗಿಯಾಂ-ಬಾರೇ’ ಎಂದು ಗುರುತಿಸಿದರು. ಹೊಟ್ಟೆಯ ಸೋಂಕಿನೊಡನೆ ಹೋರಾಡಲು ಎದ್ದ ದೇಹದ ಶಕ್ತಿಯೇ ದಾರಿ ತಪ್ಪಿ ತನ್ನ ನರಗಳ ಮೇಲೆ ಬೀಳುವ ರೋಗವಿದು. ಒಟ್ಟು ಇನ್ನೂರಕ್ಕೂ ಹೆಚ್ಚು ಮಂದಿ ಇದರ ಪಾಲಾದರು, ಕೆಲವರು ತೀರಿಕೊಂಡರು. ರೋಗಿಗಳಲ್ಲಿ ಬಹಳಷ್ಟು ಜನ ಸಿಂಹಗಡ ರಸ್ತೆಯ ಕಡೆಯವರು. ನಾಂದೇಡ, ಕಿರಕಟವಾಡಿ, ಧಾಯರಿಗಳವರು. ಹಲವರ ಮಾದರಿಗಳಲ್ಲಿ ಕೆಟ್ಟ ನೀರು ಅಥವಾ ಆಹಾರದಿಂದ ಹರಡುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಕ್ರಿಮಿ ದೊರೆಯಿತು. ನಾಂದೇಡದ ದೊಡ್ಡ ಬಾವಿಯ ನೀರಿಗೆ ಕ್ಲೋರಿನ್ ಬೆರೆಸಿ ಸುತ್ತಲೂ ಹಂಚುತ್ತಿದ್ದರು. ಪೇಟೆಯ ನೀರಿಗೆ ಆಗುವ ಪೂರ್ಣ ಶುದ್ಧೀಕರಣ ಅದಕ್ಕೆ ಇರಲಿಲ್ಲವೆಂಬ ಮಾತು ಆಗ ಎಲ್ಲರ ಕಿವಿಗೆ ಬಿತ್ತು. ಕೇಂದ್ರದಿಂದ ತಂಡ ಬಂತು, ಪರೀಕ್ಷೆಗಳಾದವು, ಖಾಸಗಿ ನೀರಿನ ಘಟಕಗಳಿಗೆ ಬೀಗ ಬಿತ್ತು, ನೀರು ಕುದಿಸಿ ಕುಡಿಯಿರೆಂದು ಸಾರಿದರು.

ನಗರಸೇವಕರು ಇದ್ದಿದ್ದರೆ ರೋಗ ಬರುತ್ತಲೇ ಇರಲಿಲ್ಲವೆಂದು ಹೇಳುವುದು ಅತಿಯಾದೀತು. ಆದರೆ ಖಡಕವಾಸಲಾ, ಪಾನಶೇತ, ವರಸಗಾಂವ, ಟೇಮಘರ ಎಂಬ ನಾಲ್ಕು ಜಲಾಶಯಗಳ ನೀರು ಕುಡಿಯುವ ಊರಿನಲ್ಲಿ, ಜಲಾಶಯದ ಬುಡದ ಹಳ್ಳಿಗೇ ಶುದ್ಧೀಕರಿಸಿದ ನೀರು ಏಕಿಲ್ಲವೆಂದು ಮೂರು ವರ್ಷ ಮೊದಲೇ, ಪ್ರತಿ ತಿಂಗಳೂ, ಪೀಠದ ಮುಂದೆ ನಿಂತು ಕೇಳುವ ಒಂದು ಗಂಟಲು ಇರಬೇಕಾಗಿತ್ತು. ಆಯುಕ್ತರು ಎದ್ದುನಿಂತು ಉತ್ತರಿಸಬೇಕಾಗುತ್ತಿತ್ತು. ಉತ್ತರ ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಸಭೆಯ ಪ್ರಯೋಜನ ಇಷ್ಟು. ಇದು ಸಣ್ಣದಲ್ಲ.

ಒಂದು ಗಂಟಲಿನಿಂದ ಏನಾದೀತು ಎಂಬವರಿಗೆ ಇದೇ ಪುಣೆಯ ಹಳೆಯ ಮಾತೊಂದಿದೆ. ಮಹಾತ್ಮಾ ಜೋತೀಬಾ ಫುಲೆಯವರು ೧೮೭೬ರಿಂದ ಕೆಲವು ವರ್ಷ ಇಲ್ಲಿಯ ನಗರಸಭೆಯ ನೇಮಿತ ಸದಸ್ಯರಾಗಿದ್ದರು. ವೈಸರಾಯ್ ಲಿಟ್ಟನ್ನರ ಸ್ವಾಗತಕ್ಕೆ ಸಾವಿರ ರೂಪಾಯಿ ವೆಚ್ಚ ಮಾಡುವ ಸೂಚನೆ ಬಂದಾಗ, ಆ ಹಣ ಬಡವರ ವಿದ್ಯೆಗಾಗಲಿ ಎಂದು ಅವರು ವಿರೋಧಿಸಿದರೆಂದೂ, ೩೨ ಸದಸ್ಯರಲ್ಲಿ ವಿರುದ್ಧ ಮತ ಕೊಟ್ಟವರು ಅವರೊಬ್ಬರೇ ಎಂದೂ ಚರಿತ್ರಕಾರರು ಬರೆದಿದ್ದಾರೆ. ಸೂಚನೆ ಪಾಸಾಯಿತು. ಆದರೆ ಆ ಮೂವತ್ತೊಂದು ಹೆಸರುಗಳನ್ನು ಇಂದು ಯಾರು ಬಲ್ಲರು? ಮುಂದೆ ಗೋಪಾಲಕೃಷ್ಣ ಗೋಖಲೆಯವರು ಇದೇ ನಗರಸಭೆಯ ಅಧ್ಯಕ್ಷರಾಗಿ ಕುಳಿತರು. ದೇಶದ ದೊಡ್ಡ ವಿಚಾರಗಳಲ್ಲಿ ಮುಳುಗಿದ್ದವರಿಗೆ ಚರಂಡಿ, ದೀಪಗಳ ಮಾತು ಕೀಳೆನಿಸಲಿಲ್ಲ. ಡಿ.ವಿ.ಜಿ.ಯವರು ೧೯೪೫ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ವಿಚಾರಗಳ ಅಭ್ಯಾಸಕ್ಕೆಂದು ಕಟ್ಟಿದ ಸಂಸ್ಥೆಗೆ ಗೋಖಲೆಯವರ ಹೆಸರನ್ನೇ ಇಟ್ಟರು. ಪುಣೆಯ ಒಬ್ಬ ಪೌರನ ಹೆಸರು ಕನ್ನಡಿಗನಿಗೆ ಪೌರಧರ್ಮದ ಪಾಠಶಾಲೆಯಾಯಿತು. ಪುಣೆಯಲ್ಲಿಯೇ ಇರುವ ನಾವು ಆ ಪಾಠಕ್ಕೆ ಗೈರುಹಾಜರಾದರೆ ಚೆನ್ನಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ಹೆಸರು. ಪಾಲಿಕೆಗೆ ಬೇರೆ ಮತದಾರರ ಪಟ್ಟಿಯಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ಪ್ರಭಾಗವಾರು ಹಂಚುತ್ತಾರೆ. ಈ ಚುನಾವಣೆಗೆ ೨೦೨೫ರ ಜುಲೈ ೧ರ ಪಟ್ಟಿಯನ್ನು ಹಿಡಿದರು. ನಮ್ಮಲ್ಲಿ ಎಷ್ಟೋ ಜನರ ಹೆಸರು ಇನ್ನೂ ಬಾಗಲಕೋಟೆಯ, ಕುಂದಾಪುರದ ಪಟ್ಟಿಯಲ್ಲಿಯೇ ಇದೆ. ಊರಿನ ಅಭಿಮಾನ ಮನಸ್ಸಿನಲ್ಲಿರಲಿ. ಹೆಸರು ಮಾತ್ರ ನಲ್ಲಿ ಇರುವ ಕಡೆ ಇರಲಿ. ಮತಗಟ್ಟೆಗೆ ಹೋದವರಲ್ಲಿಯೂ ಕೆಲವರು ಒಂದು ಗುಂಡಿ ಒತ್ತಿ ಹೊರಡಲು ನೋಡಿದರಂತೆ. ಒಂದು ಪ್ರಭಾಗಕ್ಕೆ ನಾಲ್ವರು, ಒಂದೇ ಒಂದರಲ್ಲಿ ಐವರು. ಅಷ್ಟೂ ಮತಗಳು ನಮ್ಮವೇ.

ಎರಡನೆಯದು ಮಾತು. ಸಭೆಯ ವ್ಯವಹಾರವೆಲ್ಲ ಮರಾಠಿಯಲ್ಲಿ. ಅದು ಅವರ ಹಕ್ಕು, ನಮಗೂ ತೊಡಕಲ್ಲ. ನಮ್ಮ ಮಕ್ಕಳು ಓಣಿಯಲ್ಲಿ ಆಡುವುದೇ ಮರಾಠಿ, ನಮ್ಮ ಹೆಣ್ಣುಮಕ್ಕಳು ಕಾಯಿಪಲ್ಯದವಳೊಡನೆ ಚೌಕಾಸಿ ಮಾಡುವುದು ಅದೇ ಭಾಷೆಯಲ್ಲಿ. ಮನೆಯಲ್ಲಿ ಕನ್ನಡ, ಅರ್ಜಿಯಲ್ಲಿ ಮರಾಠಿ ಎಂದಿಟ್ಟುಕೊಂಡರೆ ಎರಡಕ್ಕೂ ನ್ಯಾಯ. ಕಟ್ಟಡದ ಕೆಲಸಕ್ಕೆಂದು ಕಲಬುರ್ಗಿ, ಯಾದಗಿರಿಗಳಿಂದ ಬಂದ ನಮ್ಮ ಜನರಿಗೆ ಅರ್ಜಿ ಬರೆಯುವುದೂ ಕಷ್ಟ, ಕ್ಷೇತ್ರೀಯ ಕಾರ್ಯಾಲಯದ ಮೆಟ್ಟಿಲೂ ಎತ್ತರ. ಸಂಘದ ತರುಣರು ಭಾನುವಾರ ಒಂದು ಗಂಟೆ ಅವರಿಗಾಗಿ ಕುಳಿತರೆ ಅದು ರಾಜ್ಯೋತ್ಸವದ ಮೆರವಣಿಗೆಗೆ ಕಡಿಮೆಯಾದ ಕನ್ನಡ ಸೇವೆಯಲ್ಲ.

ಮೂರನೆಯದು ಹಾಜರಿ. ಪಾಲಿಕೆಯ ಸಭೆಯನ್ನು ಪ್ರೇಕ್ಷಕರ ಜಾಗದಿಂದ ಯಾರು ಬೇಕಾದರೂ ನೋಡಬಹುದು. ಅಷ್ಟು ದೂರ ಆಗದಿದ್ದರೆ ಹತ್ತಿರದ ಕ್ಷೇತ್ರೀಯ ಕಾರ್ಯಾಲಯದಲ್ಲಿ ಪ್ರಭಾಗ ಸಮಿತಿ ಸೇರುತ್ತದೆ. ಸೊಸಾಯಿಟಿಯಲ್ಲಿ ನೀರಿನ ದೂರು ಇದ್ದರೆ ಬರೆದು ಕೊಡಿ. ಪ್ರತಿಯ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಳ್ಳಿ. ಒಂದು ತಿಂಗಳು ಕಳೆದರೆ ಆ ಪ್ರತಿಯನ್ನೇ ನಗರಸೇವಕರ ಕೈಗಿಟ್ಟು ಇದನ್ನು ಸಭೆಯಲ್ಲಿ ಕೇಳಿರೆಂದು ಹೇಳಿ. ಅವರು ಕೇಳಿದರೆ ನೆನಪಿಡಿ. ಕೇಳದಿದ್ದರೆ ಇನ್ನೂ ಚೆನ್ನಾಗಿ ನೆನಪಿಡಿ.

ಮುಂದಿನ ಸಂಚಿಕೆ ನಿಮ್ಮ ಕೈಸೇರುವಷ್ಟರಲ್ಲಿ ಮುಖ್ಯಸಭೆ ಮೂರು ಸಲವಾದರೂ ಸೇರಿರಬೇಕು. ಅಷ್ಟರಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಪ್ರಭಾಗದ ಸಂಖ್ಯೆಯನ್ನೂ ನಾಲ್ವರು ಸದಸ್ಯರ ಹೆಸರುಗಳನ್ನೂ ಅಡಿಗೆಮನೆಯ ಪಂಚಾಂಗದ ಪಕ್ಕದಲ್ಲಿ ಬರೆದಿಡಲಿ. ನೀರು ಬಾರದ ದಿನ ಅದು ಒದಗುತ್ತದೆ.