ನರ್ಸ್ ಸಿಡುಕಿದರೆ ಅದು ಅವರ ಗುಣವೇ? ‘ಬರ್ನೌಟ್’ ಬಗ್ಗೆ ಸಂಶೋಧನೆ ಹೇಳುವುದೇನು

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇಂಥದ್ದು ಬಂದಿರಬಹುದು: ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಕಡೆಯವರ ಮೇಲೆ ರೇಗುತ್ತಿರುವ ನರ್ಸ್, ಕೆಳಗೆ ‘ಇವರಿಗೆ ಮಾನವೀಯತೆಯೇ ಇಲ್ಲ, ಎಲ್ಲರಿಗೂ ಶೇರ್ ಮಾಡಿ’ ಎಂಬ ಸಾಲು. ಮೇ 12ರ ದಾದಿಯರ ದಿನಕ್ಕೆ ಅದೇ ಗ್ರೂಪಿನಲ್ಲಿ ‘ಬಿಳಿಯುಡುಗೆಯ ದೇವತೆ’ಗೆ ಕೈಮುಗಿಯುವ ಎಮೋಜಿ. ಬೈಗುಳವಾಗಲಿ ಪೂಜೆಯಾಗಲಿ, ಎರಡರ ಹಿಂದಿನ ನಂಬಿಕೆ ಒಂದೇ: ಎಲ್ಲವೂ ನರ್ಸ್‌ನ ಸ್ವಭಾವದಲ್ಲಿದೆ. ಸಂಶೋಧನೆ ಬೇರೆ ಕಡೆ ಬೆರಳು ತೋರಿಸುತ್ತದೆ.

1974ರಲ್ಲಿ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, ಉತ್ಸಾಹದಿಂದ ಸೇವೆಗೆ ಬಂದವರು ಕ್ರಮೇಣ ಬತ್ತಿಹೋಗುವುದನ್ನು ಕಂಡು ಆ ಸ್ಥಿತಿಯನ್ನು ‘ಬರ್ನೌಟ್’ ಎಂದು ಕರೆದರು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯುವ ಪ್ರಶ್ನಾವಳಿ ಪ್ರಕಟಿಸಿದರು. ಅವರು ಅಳೆದದ್ದು ಮೂರು ಸಂಗತಿ: ಭಾವನೆಗಳೆಲ್ಲ ಖಾಲಿಯಾದಂಥ ಬಳಲಿಕೆ, ‘ನಾನು ಮಾಡಿದ್ದರಿಂದ ಏನೂ ಆಗಲಿಲ್ಲ’ ಎಂಬ ಭಾವ, ಮತ್ತು ಎದುರಿಗಿರುವವರನ್ನು ಮನುಷ್ಯರೆಂದು ಕಾಣಲಾಗದ ನಿರ್ಲಿಪ್ತತೆ. ಹೊರಗಿನವರ ಕಣ್ಣಿಗೆ ಬೀಳುವುದು ಈ ಕೊನೆಯದು ಮಾತ್ರ. ‘ಲಕ್ಷ್ಮಮ್ಮ’ ಎಂಬ ಅಜ್ಜಿ ಬರೀ ‘12ನೇ ಬೆಡ್’ ಆಗಿಬಿಡುತ್ತಾರೆ, ದನಿ ಒರಟಾಗುತ್ತದೆ. ವೈರಲ್ ವೀಡಿಯೊದಲ್ಲಿರುವುದು ಇದೇ ಎಂದು ಅರ್ಧ ನಿಮಿಷದ ಕ್ಲಿಪ್ ನೋಡಿ ಹೇಳಲಾಗದು, ನಿಜ. ‘ಮಾನವೀಯತೆ ಇಲ್ಲ’ ಎಂದೂ ಅಷ್ಟರಿಂದಲೇ ಹೇಳಲಾಗದು.

ನಡುವೆ ಒಂದು ಸುಳ್ಳನ್ನು ತಿದ್ದಿಬಿಡೋಣ. ‘ಬರ್ನೌಟ್ ಒಂದು ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ’ ಎಂಬ ಸುದ್ದಿ 2019ರಲ್ಲಿ ಪತ್ರಿಕೆಗಳಲ್ಲೂ ಓಡಾಡಿತು. ಸಂಸ್ಥೆಯೇ ಸ್ಪಷ್ಟನೆ ಕೊಡಬೇಕಾಯಿತು. ಅದರ ಪಟ್ಟಿಯಲ್ಲಿ ಬರ್ನೌಟ್ ಕಾಯಿಲೆಯಲ್ಲ, ಕೆಲಸದ ಜಾಗಕ್ಕೆ ಸಂಬಂಧಿಸಿದ ವಿದ್ಯಮಾನ. ಸರಿಯಾಗಿ ನಿಭಾಯಿಸದ, ದೀರ್ಘಕಾಲದ ಕೆಲಸದ ಒತ್ತಡದ ಫಲ. ಪದಗಳ ವ್ಯತ್ಯಾಸ ಅಷ್ಟೇ ಎನಿಸಬಹುದು. ಆದರೆ ಕಾಯಿಲೆ ಎಂದರೆ ಮದ್ದು ಬೇಕಾದದ್ದು ನರ್ಸ್‌ಗೆ, ಕೆಲಸದ ಜಾಗದ ಸಮಸ್ಯೆ ಎಂದರೆ ಆಸ್ಪತ್ರೆಗೆ.

ಈ ವಿಷಯದಲ್ಲಿ ಬಹಳ ಉಲ್ಲೇಖಗೊಳ್ಳುವ ಅಧ್ಯಯನ 2002ರದ್ದು. ಅಮೆರಿಕದ ಲಿಂಡಾ ಐಕನ್ ಮತ್ತು ತಂಡ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ 10 ಸಾವಿರಕ್ಕೂ ಹೆಚ್ಚು ನರ್ಸ್‌ಗಳನ್ನು ವಿಚಾರಿಸಿ, ಅಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 2.3 ಲಕ್ಷ ರೋಗಿಗಳ ದಾಖಲೆಯೊಂದಿಗೆ ಹೋಲಿಸಿತು. ಒಬ್ಬ ನರ್ಸ್ ನೋಡಿಕೊಳ್ಳಬೇಕಾದ ರೋಗಿಗಳಲ್ಲಿ ಒಬ್ಬರು ಹೆಚ್ಚಾದರೆ ನರ್ಸ್‌ಗೆ ಬರ್ನೌಟ್ ಆಗುವ ಸಂಭವ ಶೇ 23ರಷ್ಟು, ರೋಗಿ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚಿತ್ತು. 100ರಲ್ಲಿ ಇನ್ನೂ 7 ಮಂದಿ ಸತ್ತರು ಎಂದು ಇದನ್ನು ಓದಬೇಡಿ. ಆ ರೋಗಿಗಳಲ್ಲಿ 100ಕ್ಕೆ ಸುಮಾರು 2 ಮಂದಿ ತೀರಿಕೊಂಡಿದ್ದರು; ಏರಿಕೆ ಆ ಎರಡರ ಮೇಲೆ. ಆದರೂ ಲಕ್ಷಗಟ್ಟಲೆ ರೋಗಿಗಳ ಲೆಕ್ಕದಲ್ಲಿ ಅದು ಸಣ್ಣದಲ್ಲ.

ನರ್ಸ್‌ಗಳು ಕಡಿಮೆ ಇರುವ ಆಸ್ಪತ್ರೆ ಬೇರೆ ವಿಷಯದಲ್ಲೂ ಹಿಂದಿರಬಹುದಲ್ಲ, ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಇದಕ್ಕೆ ಇನ್ನಷ್ಟು ಗಟ್ಟಿ ಉತ್ತರ ಸಿಕ್ಕಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ. ಆಯ್ದ 27 ಸರ್ಕಾರಿ ಆಸ್ಪತ್ರೆಗಳಲ್ಲಿ ಒಬ್ಬ ನರ್ಸ್‌ಗೆ ಗರಿಷ್ಠ ಎಷ್ಟು ರೋಗಿಗಳು ಎಂಬ ಮಿತಿ 2016ರಲ್ಲಿ ಜಾರಿಯಾಯಿತು. ಮಿತಿ ಇಲ್ಲದ 28 ಆಸ್ಪತ್ರೆಗಳೊಂದಿಗೆ ಹೋಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನರ್ಸ್‌ಗಳ ಹೊರೆ ಇಳಿದಲ್ಲಿ ಸಾವು ಮತ್ತು ಮರುದಾಖಲಾತಿ ಕಡಿಮೆಯಾಗಿದ್ದವು, ರೋಗಿಗಳು ಬೇಗ ಮನೆಗೆ ಹೋಗುತ್ತಿದ್ದರು. ಹೀಗೆ ಉಳಿದ ಹಣ ಹೆಚ್ಚುವರಿ ನರ್ಸ್‌ಗಳಿಗೆ ಖರ್ಚಾದದ್ದರ ಎರಡು ಪಟ್ಟಿಗೂ ಹೆಚ್ಚು. ‘ಇಷ್ಟೊಂದು ಜನರನ್ನು ಇಟ್ಟುಕೊಂಡರೆ ಕಟ್ಟುಬೀಳುವುದಿಲ್ಲ’ ಎನ್ನುವ ಆಡಳಿತ ಮಂಡಳಿಗಳು ಓದಬೇಕಾದ ಸಾಲಿದು.

ಹಾಗಾದರೆ ಯೋಗ, ಧ್ಯಾನದ ಶಿಬಿರಗಳು? ತಕ್ಕಮಟ್ಟಿಗೆ ಉಪಯೋಗವಿದೆ. ಆದರೆ ವೈದ್ಯರ ಬರ್ನೌಟ್ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2017ರ ವಿಶ್ಲೇಷಣೆಯಲ್ಲಿ, ಪಾಳಿ ಮತ್ತು ಕೆಲಸದ ಹೊರೆಯಂಥ ವ್ಯವಸ್ಥೆಯನ್ನೇ ಬದಲಿಸಿದ ಕ್ರಮಗಳು ವ್ಯಕ್ತಿಗೆ ಕೊಟ್ಟ ತರಬೇತಿಗಿಂತ ಹೆಚ್ಚು ಫಲ ಕೊಟ್ಟಿದ್ದವು. ಡಬಲ್ ಡ್ಯೂಟಿ ಮುಗಿಸಿದವರನ್ನು ಪ್ರಾಣಾಯಾಮಕ್ಕೆ ಕೂರಿಸುವುದು ನನಗಂತೂ ಕ್ರೂರ ತಮಾಷೆಯಂತೆ ಕಾಣುತ್ತದೆ.

ನಮ್ಮಲ್ಲಿ ಹೊರೆಯ ಜೊತೆ ಸಂಬಳದ ಪ್ರಶ್ನೆಯೂ ಇದೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನ, ಕೆಲಸದ ಸ್ಥಿತಿ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಹೇಳಿತು. ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳ ಸಂಬಳ 20 ಸಾವಿರ ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಸಮಿತಿ ಶಿಫಾರಸು ಮಾಡಿತು. ಅದಕ್ಕಾಗಿ 2017ರಲ್ಲಿ ಕೇರಳದ ನರ್ಸ್‌ಗಳು ಮುಷ್ಕರ ಹೂಡಬೇಕಾಯಿತು.

ಓದುತ್ತಿರುವ ನೀವೇ ನರ್ಸ್ ಆಗಿದ್ದರೆ ಒಂದು ಮಾತು. ಬರ್ನೌಟ್ ಕೆಲಸಕ್ಕೆ ಅಂಟಿಕೊಂಡದ್ದು. ರಜೆಯಲ್ಲೂ ಮನೆಯಲ್ಲೂ ಯಾವುದೂ ಬೇಡವೆನಿಸುತ್ತಿದ್ದರೆ, ಬದುಕುವುದೇ ಸಾಕೆನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.