ಮೊತ್ತದ ಚೀಟಿ ತಿದ್ದೋರು ಯಾರು?

ಹೊಂಗನೂರಿನ ನಮ್ಮ ಮನೆಯ ಹಳೇ ಕಂಪ್ಯೂಟರಿಗೆ ಮೂರು ಹಾರ್ಡ್ ಡಿಸ್ಕ್ ಹಾಕಿದ್ದೀನಿ. ಅಕ್ಕನ ಮದುವೆ ವಿಡಿಯೊ, ತಾತನ ಫೋಟೊ, ಜಮೀನಿನ ಪತ್ರಗಳ ಸ್ಕ್ಯಾನ್ ಎಲ್ಲ ಅದರಲ್ಲೇ. ಕಾಯೋದು ಲಿನಕ್ಸಿನ ಸಾಫ್ಟ್‌ವೇರ್ ರೇಡ್. "ರೇಡ್ ಅಂದ್ರೆ ಇನ್‌ಕಂ ಟ್ಯಾಕ್ಸ್‌ನೋರಾ?" ಅಂತ ಅಮ್ಮ ಗಾಬರಿಯಾಗಿದ್ದರು. (ರೇಡ್ ಇದ್ದರೂ ಬ್ಯಾಕಪ್ ಬೇಕೇ ಬೇಕು. ಇನ್ನೊಂದು ಪ್ರತಿ ಬೆಂಗಳೂರಿನಲ್ಲಿದೆ.)

ಡೇರಿ ಲೆಕ್ಕ ನೆನೆಸ್ಕೊಳ್ಳಿ. ಒಂದು ಮನೆ ಹಾಲು 4 ಲೀಟರ್, ಇನ್ನೊಂದು ಮನೆಯದು 6, ಮೊತ್ತ 10. ಮೂರು ಚೀಟಿಯಲ್ಲಿ ಬರೆದಿಟ್ಟರೆ ಯಾವುದೇ ಒಂದು ಕಳೆದರೂ ಉಳಿದೆರಡರಿಂದ ಕಂಡುಹಿಡೀಬಹುದು. ರೇಡ್ 5 ಮಾಡೋದು ಹೆಚ್ಚುಕಡಿಮೆ ಇದನ್ನೇ.

ತೊಡಕು ಕರೆಂಟು ಹೋದಾಗ. 4 ಇದ್ದದ್ದನ್ನು 5 ಅಂತ ತಿದ್ದಿ, ಮೊತ್ತವನ್ನು 11 ಮಾಡೋ ಮೊದಲೇ ಹೋಯ್ತು ಅನ್ನಿ. ಆಮೇಲೆ ಎರಡನೇ ಮನೆ ಚೀಟಿ ಕಳೆದರೆ? 10ರಲ್ಲಿ 5 ಕಳೆದರೆ 5. ಅವರು ಹಾಕಿದ್ದು 6! ಯಾವ ಎರರ್ ಮೆಸೇಜೂ ಬರಲ್ಲ. ನೀವು ಮುಟ್ಟದೇ ಇದ್ದ ಫೈಲು ಸುಮ್ಮನೆ ಕೆಟ್ಟಿರುತ್ತೆ. ಇದಕ್ಕೆ 'ರೈಟ್ ಹೋಲ್' ಅಂತಾರೆ.

2016ರ ಜನವರಿಯಲ್ಲಿ ಬಂದ ಲಿನಕ್ಸ್ 4.4ರಲ್ಲಿ ಇದಕ್ಕೊಂದು ದಾರಿ ಸಿಕ್ಕಿತು: ಬದಲಾವಣೆಯನ್ನು ಮೊದಲು ಬೇರೊಂದು ಡಿಸ್ಕಿನ ಜರ್ನಲ್‌ನಲ್ಲಿ ಬರೆದುಕೊಳ್ಳೋದು. ಬರೆದವರು ಫೇಸ್‌ಬುಕ್ ಎಂಜಿನಿಯರ್‌ಗಳು. 2017ರಲ್ಲಿ ಇಂಟೆಲ್‌ನವರು ಬೇರೆ ಡಿಸ್ಕೇ ಬೇಡದ ಇನ್ನೊಂದು ದಾರಿ ತಂದರು. ಎರಡೂ ಒಂದೇ ಕೋಡಿನಲ್ಲಿ ಸೇರಿದವು.

ಹೀಗೆ ಹತ್ತಾರು ಜನ ಸೇರಿ ಬರೆಯುವಾಗ ಮೊದಲು ಗಟ್ಟಿಮಾಡಬೇಕಾದ್ದು ಡಿಸ್ಕಿನ ಮೇಲೆ ಬರೆಯೋ ರೂಪ. ಕೋಡನ್ನು ನಾಳೆ ತಿದ್ದಬಹುದು. ಜನರ ಡಿಸ್ಕಿಗೆ ಬಿದ್ದ ರೂಪವನ್ನು ವರ್ಷಗಟ್ಟಲೆ ಸಾಕಬೇಕು. ಹಳೇ 0.90 ರೂಪದಲ್ಲಿ ಒಂದು ಗುಂಪಿಗೆ 28 ಡಿಸ್ಕೇ ಮಿತಿ. 1.x ಬಂದ ಮೇಲೂ ಅದನ್ನು ಓದೋ ಕೋಡ್ ಕಿತ್ತುಹಾಕೋ ಹಾಗಿರಲಿಲ್ಲ.

ನನ್ನ ಚಿಂತೆ ಜನರದ್ದು. ಈ ಕೋಡನ್ನು ವರ್ಷಗಟ್ಟಲೆ ನೋಡಿಕೊಂಡ ಆಸ್ಟ್ರೇಲಿಯಾದ ನೀಲ್ ಬ್ರೌನ್ 2015ರ ಕೊನೆಗೆ ಜವಾಬ್ದಾರಿ ಬಿಡ್ತೀನಿ ಅಂದರು. ಶಾವ್‌ಹುವಾ ಲಿ ವಹಿಸಿಕೊಂಡರು. 2018ರಲ್ಲಿ ಅವರು ತೀರಿಹೋದರು. ಅದೇ ಜರ್ನಲ್ ಕೆಲಸದಲ್ಲಿ ಜೊತೆಗಿದ್ದ ಸಾಂಗ್ ಲಿಯು ಇದ್ದದ್ದಕ್ಕೆ ಕೆಲಸ ಮುಂದುವರೀತು.

ಬೆಂಗಳೂರಿನಲ್ಲೂ ಇಂಥ ಕಥೆ ಇದೆ. ಹಲವು ಸರ್ವರ್‌ಗಳ ಡಿಸ್ಕನ್ನು ಒಂದಾಗಿಸೋ ಗ್ಲಸ್ಟರ್‌ಎಫ್‌ಎಸ್‌ಗೆ ಕೋಡ್ ಬರೆದ ಬಹಳಷ್ಟು ಜನ ಇಲ್ಲಿಯವರು. ಸ್ಪೇನ್‌ನ ಎಂಜಿನಿಯರ್ ಒಬ್ಬರು 2014ರಲ್ಲಿ ಅದಕ್ಕೆ ರೇಡ್ ಥರದ್ದೇ ಲೆಕ್ಕ ಸೇರಿಸಿದರು. ಆ ಕಂಪನಿಯನ್ನು 2011ರಲ್ಲೇ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರ್‌ಗೆ ಕೊಂಡಿತ್ತು. ಅದರ ಮೇಲೆ ಕಟ್ಟಿದ ತನ್ನ ಉತ್ಪನ್ನಕ್ಕೆ 2024ರ ಕೊನೆಗೆ ಬೆಂಬಲ ನಿಲ್ಲಿಸಿತು. ಕೋಡ್ ಎಲ್ಲರಿಗೂ ಮುಕ್ತವಾಗೇ ಇದೆ. ಸಂಬಳ ಕೊಟ್ಟು ಅದನ್ನು ನೋಡಿಕೊಳ್ಳೋರು ಯಾರು?

ಹೊಸ ಫೀಚರ್ ಬರೆಯೋಕೆ ಜನ ಸಿಗ್ತಾರೆ. ಬೇರೆಯವರ ಪ್ಯಾಚ್ ಓದಿ, ಬೇಕಂತಲೇ ಕರೆಂಟು ತೆಗೆದು ಟೆಸ್ಟ್ ಮಾಡೋರು ಕಡಿಮೆ. ಅದಕ್ಕೇ ಮ್ಯಾನೇಜರ್ ಹತ್ರ ತಿಂಗಳಿಗೆ ಎರಡು ದಿನ ಕೇಳಿದ್ದೀನಿ. ನಮ್ಮ ಸರ್ವರ್‌ಗಳೂ ಇದೇ ಕೋಡಿನ ಮೇಲೆ ನಿಂತಿವೆ ಅಂತಾನೂ ಬರೆದಿದ್ದೀನಿ. ಉತ್ತರ ಇನ್ನೂ ಬಂದಿಲ್ಲ.